ಗ್ಯಾರೇಜಿನ ಅಟ್ಟ, ಮುತ್ತಜ್ಜನ ತೊಲೆ

ಲಾಕ್‌ಡೌನುಗಳೆಲ್ಲ ಮುಗಿದ ಮರುವರ್ಷ ನಾನು ದಾಂಡೇಲಿಯ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಿಂದ ಸೀನಿಯರ್ ಎಂಜಿನಿಯರ್ ಆಗಿ ನಿವೃತ್ತನಾದೆ. ಹುದ್ದೆಯ ಹೆಸರು ಹಲವು ಸಲ ಬದಲಾಗಿತ್ತು, ಕೆಲಸ ಬದಲಾಗಿರಲಿಲ್ಲ. ತಲೆಯ ಮೇಲೆ ತೂಗುವ ವಸ್ತು ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಓವರ್‌ಹೆಡ್ ಕ್ರೇನು, ಸರಪಳಿಯಿಂದ ಭಾರ ಎತ್ತುವ ಚೈನ್ ಹಾಯಿಸ್ಟು, ಪೈಪುಗಳನ್ನು ಹೊತ್ತ ಕಬ್ಬಿಣದ ಚೌಕಟ್ಟು, ಎಲ್ಲವನ್ನೂ ಸಂಭಾಳಿಸಿದ್ದೇನೆ. ಅವು ಯಾವುವೂ ನನ್ನ ತಾಳ್ಮೆ ಕೆಡಿಸಲಿಲ್ಲ, ಏಕೆಂದರೆ ಕ್ರೇನು ಎದುರು ಮಾತಾಡುವುದಿಲ್ಲ. ನನ್ನ ತಾಳ್ಮೆ ಪೂರ್ತಿ ಕೆಟ್ಟದ್ದು ನಿವೃತ್ತಿಯ ನಂತರ, ಹಳಿಯಾಳದ ಒಂದು ಮನೆಯ ಗ್ಯಾರೇಜಿನಲ್ಲಿ ಸಾಮಾನು ಇಡಲು ಅಟ್ಟ ಕಟ್ಟಿಸಿಕೊಡಲು ಹೋದಾಗ.

ದಾಂಡೇಲಿಯ ಬಂಗೂರನಗರದ ಮನೆಯಲ್ಲಿ ಪೇಪರು ಓದುತ್ತ ಕುಳಿತರೆ ಹೆಂಡತಿಗೆ ಅಡ್ಡವಾಗುತ್ತೇನೆಂದು, ವೆಲ್ಡರ್ ರಫೀಕನ ಜೊತೆ ಸೇರಿ ಸಣ್ಣಪುಟ್ಟ ಫ್ಯಾಬ್ರಿಕೇಶನ್ ಕೆಲಸ ಹಿಡಿಯುತ್ತಿದ್ದೆ. ಲೆಕ್ಕ ನನ್ನದು, ಬೆಂಕಿ ಅವನದು. ಆ ದಿನಗಳಲ್ಲೇ ಹಳಿಯಾಳದಿಂದ ಶೈಲಾ ಎಂಬ ಹೆಣ್ಣುಮಗಳ ಫೋನು ಬಂತು.

"ಸರ, ನಮ್ಮ ಗ್ಯಾರೇಜಿನ್ಯಾಗ ಒಂದ್ ಅಟ್ಟ ಮಾಡಿಕೊಡಬೇಕ್ರಿ. ನೆಲಾ ಖಾಲಿ ಆಗಬೇಕು. ನಂಗ ಕೂಡಾಕ ಜಾಗಾ ಬೇಕಾಗೈತಿ."

ಶೈಲಾಳ ತವರು ಮುಂಡಗೋಡ ಕಡೆಯ ಇಂದೂರ. ರೊಟ್ಟಿ ಬಡಿಯುವುದರಲ್ಲಿ ತಾಯಿಯ ಕೈ ಬಂದಿತ್ತು. ಜೋಯಿಡಾ ಕಡೆ ಹೋಂಸ್ಟೇ ನಡೆಸುವವರೊಬ್ಬರು ಅವಳ ಖಡಕ್ ರೊಟ್ಟಿ ತಿಂದು, ವಾರವಾರ ಕಳಿಸುತ್ತೀರಾ ಎಂದು ಕೇಳಿದ್ದರು. ಓಣಿಯ ನಾಲ್ಕು ಹೆಂಗಸರು ಜೊತೆಗೂಡಲು ತಯಾರಿದ್ದರು. ಆದರೆ ದಸರಾ ಹಬ್ಬದೊಳಗೆ ಶುರುವಾಗದಿದ್ದರೆ ಧಾರವಾಡದಿಂದ ತರಿಸಿಕೊಳ್ಳುತ್ತೇವೆ ಎಂದು ಹೋಂಸ್ಟೇಯವರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು. ಅಡಿಗೆಮನೆಯಲ್ಲಿ ಐದು ಜನ ಕೂಡುವಂತಿಲ್ಲ. ಉಳಿದದ್ದು ಗ್ಯಾರೇಜು.

ಗ್ಯಾರೇಜು ಎಂದರೆ ಹೆಸರಿಗೆ. ಶೈಲಾಳ ಮಾವ ಬಸಲಿಂಗಪ್ಪನವರು ಕಾಳಿನ ವ್ಯಾಪಾರಿ. ಅಂಗಡಿಯ ಟೆಂಪೋ ನಿಲ್ಲಿಸಲೆಂದು ಕಟ್ಟಿಸಿದ ಜಾಗ ಅದು, ಇಪ್ಪತ್ತೆರಡು ಅಡಿ ಉದ್ದ, ಹನ್ನೊಂದು ಅಡಿ ಅಗಲ, ಮೇಲೆ ಒಳ್ಳೆಯ ಎತ್ತರಕ್ಕೆ ಸ್ಲ್ಯಾಬು. ಟೆಂಪೋ ಮಾರಿ ಎಷ್ಟೋ ವರ್ಷವಾಗಿತ್ತು. ಮನೆಯ ಕಾರು ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು, ಏಕೆಂದರೆ ಗ್ಯಾರೇಜಿನೊಳಗೆ ಕಾರಲ್ಲ, ಕೋಳಿಯೂ ಹೋಗುವಂತಿರಲಿಲ್ಲ. ತಾಮ್ರದ ಹಂಡೆಗಳು, ಮದುವೆಯ ಕೊಪ್ಪರಿಗೆಗಳು, ಗಣಪತಿ ಮಂಟಪ, ಕಾಲು ಮುರಿದ ಮಂಚ, ಕೆಟ್ಟ ಕೂಲರು, ಖಾಲಿ ಗೋಣಿಚೀಲದ ಹೊರೆ, ಅಂಗಡಿಯ ಹಳೇ ತಕ್ಕಡಿಯ ಕಬ್ಬಿಣದ ತೂಕದ ಬಟ್ಟುಗಳು. ಇದರಲ್ಲಿ ಅರ್ಧ ಆ ಮನೆಯದೂ ಅಲ್ಲ. ದೊಡ್ಡ ಪಾತ್ರೆ ಇದ್ದ ಮನೆ ಓಣಿಯ ಕಾರ್ಯಗಳಿಗೆಲ್ಲ ಪಾತ್ರೆ ಕೊಡಬೇಕು, ಅದು ಅಲ್ಲಿಯ ಪದ್ಧತಿ. ಒಯ್ದವರು ಪಾತ್ರೆ ತಂದಿಡುವಾಗ ತಮ್ಮ ಮನೆಯ ಒಂದು ಬೇಡಾದ ಸಾಮಾನನ್ನೂ ಜೊತೆಗೇ ಇಟ್ಟು ಹೋಗುವುದು ಪದ್ಧತಿಯಲ್ಲ, ಚಾಳಿ.

"ಈ ಕೂಲರು ಯಾರ್ದ್ರಿ?" ಎಂದು ಕೇಳಿದೆ.

"ಹಿಂದಿನ ಮನಿಯವರ್ದು," ಎಂದರು ಬಸಲಿಂಗಪ್ಪನವರ ಹೆಂಡತಿ ನೀಲವ್ವ. "ಇರ್ಲಿ ಬಿಡ್ರಿ, ಮುಂದ ಬೇಕಾಕ್ಕೈತಿ."

"ಕೆಟ್ಟೈತಲ್ರಿ ಅದು."

"ಕೆಟ್ಟಿದ್ದಕ್ಕ ಇಲ್ಲಿಟ್ಟಾರ. ಚಲೋ ಇದ್ರ ಅವರ ಮನ್ಯಾಗ ಇಟ್ಕೋತಿದ್ರು."

ನಾನು ಅಳತೆಪಟ್ಟಿ ಬಿಚ್ಚಿದೆ.

ನನ್ನ ಯೋಜನೆ ಸರಳವಾಗಿತ್ತು. ಗ್ಯಾರೇಜಿನ ಹಿಂಭಾಗದ ಎಂಟು ಅಡಿಯಷ್ಟು ಜಾಗದ ಮೇಲೆ, ಏಳೂವರೆ ಅಡಿ ಎತ್ತರದಲ್ಲಿ ಅಟ್ಟ. ಅಟ್ಟದ ಒಂದು ಅಂಚು ಹಿಂದಿನ ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಪಟ್ಟಿಯ ಮೇಲೆ ಕೂಡುತ್ತದೆ. ಇನ್ನೊಂದು ಅಂಚಿಗೆ ಗೋಡೆಯಿಂದ ಗೋಡೆಗೆ ಒಂದು ಉಕ್ಕಿನ ಚಾನೆಲ್, ಅಂದರೆ ಮೂರು ಮೈ ಇರುವ, ದನಕ್ಕೆ ನೀರಿಡುವ ಡೋಣಿಯಂಥ ತೊಲೆ. ಅಟ್ಟದ ಅರ್ಧ ಭಾರ ಆ ಒಂದು ತೊಲೆಯ ಮೇಲೆ. ಮೇಲೆ ಮುನ್ನೂರು ಕಿಲೋ ಸಾಮಾನು, ಅದೆಲ್ಲ ಆ ಅಂಚಿಗೇ ಬಂದರೂ ತೊಲೆ ಹೊರಬೇಕೆಂದು ಲೆಕ್ಕ ಹಾಕಿದೆ. ಒಲೆಗಳು ಗಾಳಿಯಾಡುವ ಬಾಗಿಲ ಕಡೆ, ರೊಟ್ಟಿ ಬಡಿಯುವವರು ಹಿಂದೆ. ಎಂದರೆ ಐದು ಹೆಂಗಸರು ದಿನವಿಡೀ ಕೂಡುವುದು ಸರಿಯಾಗಿ ಆ ಅಟ್ಟದ ಕೆಳಗೆ. ನಾನು ಹಠ ಹಿಡಿದದ್ದು ಆ ಕಾರಣಕ್ಕೇ.

ಬಸಲಿಂಗಪ್ಪನವರು ನನ್ನ ನಕ್ಷೆಯ ಕಡೆ ನೋಡಲೇ ಇಲ್ಲ. ಹಣೆಯ ವಿಭೂತಿ ಮಾಸದಂತೆ ನಿಧಾನವಾಗಿ ಬೆವರೊರೆಸಿಕೊಂಡರು. ಆಮೇಲೆ, "ಕಬ್ಬಿಣ ಬ್ಯಾಡ. ನಮ್ಮ ಹಳೇ ಮನಿ ತೊಲಿ ಐತಿ, ಸಾಗವಾನಿ. ಅದನ್ನ ಹಾಕ್ರಿ," ಎಂದರು.

ನಮ್ಮ ಕಡೆ ಸಾಗವಾನಿಯ ಹೆಸರೆತ್ತಿದರೆ ವಾದ ಮುಗಿಯಿತು. ಕುಳಗಿಯ ಕಾಡನ್ನು ಮಗ್ಗುಲಲ್ಲಿಟ್ಟುಕೊಂಡು ಬೆಳೆದ ಜನ ನಾವು. ಮರವೆಂದರೆ ಸಾಗವಾನಿ, ಉಳಿದದ್ದೆಲ್ಲ ಕಟ್ಟಿಗೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಸಿಮೆಂಟು ಬಿರಿಯುತ್ತದೆ, ಸಾಗವಾನಿಗೆ ಮಾತ್ರ ಸಾವಿಲ್ಲ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಆ ನಂಬಿಕೆ ಮುಕ್ಕಾಲುಪಾಲು ನಿಜವೂ ಹೌದು, ಅದೇ ತೊಂದರೆ.

ಆ ತೊಲೆ ಹಿತ್ತಲಲ್ಲಿ ತಗಡಿನ ಕೆಳಗೆ ಬಿದ್ದಿತ್ತು. ಹಳೇ ಮನೆ ಕೆಡವಿದಾಗ ಎತ್ತಿಟ್ಟದ್ದು. ಎರಡೂ ತುದಿ ಪುಡಿಯಾಗಿದ್ದವು. ಕೆಳಮೈಯಲ್ಲಿ ಕಂಬದ ತಲೆ ಕೂಡಲು ಕೊರೆದ ಚೌಕ ತೂತು. ಅದರ ಪಕ್ಕ ಒಂದು ಕಬ್ಬಿಣದ ಕೊಂಡಿ. ನಾನು ತೂತಿನೊಳಗೆ ಸ್ಕ್ರೂಡ್ರೈವರ್ ಹಾಕಿದೆ, ಬೆಣ್ಣೆಯೊಳಗೆ ಹೋದಂತೆ ಹೋಯಿತು. ಹಳೇ ಮಾಡು ಸೋರಿದ ನೀರು ವರ್ಷಗಟ್ಟಲೆ ಅಲ್ಲಿ ಇಳಿದಿರಬೇಕು.

"ಯಜಮಾನ್ರ, ಇದು ಆಗೂದಿಲ್ರಿ," ಎಂದೆ. "ತೊಲಿ ಮ್ಯಾಲ ಭಾರ ಬಿದ್ರ ಅದರ ಕೆಳಮೈ ಹಿಗ್ಗತೈತಿ. ಜೋರು ಎಳೆತ ಬೀಳೂದು ನಟ್ಟನಡುವಿನ ಕೆಳಮೈಗೆ. ತುದಿ ಕೊಯ್ದು ಹನ್ನೊಂದು ಅಡಿ ಮಾಡಿದ್ರ ಈ ತೂತು ಬರೂದು ಬರೋಬ್ಬರಿ ಅಲ್ಲೇ."

"ನಮ್ಮ ಮುತ್ಯಾನ ಕಾಲದ್ದು. ಇಡೀ ಮನಿ ಹೊತ್ತೈತಿ. ನಿಮ್ಮ ನಾಕ್ ಹಂಡೆ ಹೊರೂದಿಲ್ಲೇನು?"

"ಆವಾಗ ಆ ತೂತಿನ ಕೆಳಗ ಕಂಬ ಇತ್ತಲ್ರಿ!"

ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅವರ ಮಗ, ಶೈಲಾಳ ಗಂಡ ಮಹಾಂತೇಶನನ್ನು ಅಂಗಡಿಯಲ್ಲಿ ಹಿಡಿದು ಕೇಳಿದರೆ, ಅಕ್ಕಿಯಿಂದ ಕಲ್ಲು ಆರಿಸುತ್ತ "ಅಪ್ಪಾರ್ನ ಕೇಳ್ರಿ" ಎಂದ. ಇದು ಯಾವ ಪ್ರಶ್ನೆಗಾದರೂ ಅವನು ಕೊಡುತ್ತಿದ್ದ ಉತ್ತರ. ತೊಲೆ ಹಾಕುವುದಾದರೆ ನಾನು ಬರುವುದಿಲ್ಲ ಎಂದು ಖಡಾಖಂಡಿತ ಹೇಳಿ ದಾಂಡೇಲಿಗೆ ಮರಳಿದೆ. ಶೈಲಾ ಗೇಟಿನ ತನಕ ಬಂದಳು. "ನೀವೂ ಕೈಬಿಟ್ರ ನಂದು ಮುಗೀತ್ರಿ ಸರ," ಎಂದಳು. ಸಿಟ್ಟಿನಲ್ಲಿ ಬೈಕು ಹತ್ತಿದವನಿಗೆ ಆ ಮಾತು ದಾರಿಯುದ್ದಕ್ಕೂ ಕಾಡಿತು.

ಮುಂದಿನ ವಾರ ಅವಳದೇ ಫೋನು. "ಸರ, ಅಟ್ಟ ಆತ್ರಿ. ಮಾವಾರು ಬಡಿಗ್ಯಾರ್ನ ಕರ್ಸಿ ಸೋಮವಾರ ತೊಲಿ ಏರಿಸಿದ್ರು. ಒಂದ್ ಸಲ ಬಂದು ನೋಡಿ ಹೋಗ್ರಿ. ನಾಳೆ ನಾವು ಕೂಡ್ತೀವಿ." ದನಿಯಲ್ಲಿ ಸಂತೋಷಕ್ಕಿಂತ ಅಳುಕೇ ಹೆಚ್ಚಿತ್ತು. ನಾನು ಊಟ ಬಿಟ್ಟು ರಫೀಕನನ್ನು ಕೂರಿಸಿಕೊಂಡು ಹೊರಟೆ.

ಹೋಗಿ ನೋಡಿದರೆ ತೊಲೆ ಗೋಡೆಯಿಂದ ಗೋಡೆಗೆ ಮದುಮಗನ ಹಾಗೆ ಮಿಂಚುತ್ತಿದೆ. ಪಾಲಿಶ್ ಹೊಡೆದಿದ್ದಾರೆ, ಬೇವಿನೆಲೆ ಕಟ್ಟಿದ್ದಾರೆ. ತೂತು ಕಾಣೆಯಾಗಿತ್ತು. ಬಡಿಗೇರ ಅದರೊಳಗೆ ಒಂದು ತುಂಡು ಬಡಿದು, ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿ ನುಣುಪು ಮಾಡಿದ್ದ. ಮೋಸದ ಕೆಲಸವಲ್ಲ ಅದು, ನೋಡಲು ಚಂದ ಇರಲೆಂದು ಮಾಡಿದ್ದು. ಹೊಟ್ಟೆನೋವಿಗೆ ಹಣೆಗೆ ಕುಂಕುಮ ಹಚ್ಚಿದ ಹಾಗೆ. ಕೊಂಡಿ ಮಾತ್ರ ಹಾಗೇ ನೇತಾಡುತ್ತಿತ್ತು. ಬೆರಳಿನ ಗೆಣ್ಣಿನಿಂದ ತಟ್ಟುತ್ತ ಹೋದೆ. ತುದಿಯಲ್ಲಿ ಠಣ್ ಎನ್ನುತ್ತಿದ್ದ ತೊಲೆ ನಡುವೆ ಬಂದಾಗ ಡಬ್ ಎಂದಿತು.

ಮೇಲೆ ಆಗಲೇ ಮಂಟಪ, ಗೋಣಿಚೀಲ, ಪ್ಲಾಸ್ಟಿಕ್ ಕುರ್ಚಿಗಳು ಏರಿದ್ದವು. ಅವೆಲ್ಲ ಹಗುರ. ಹಂಡೆ, ಕೊಪ್ಪರಿಗೆ, ಮಂಚ ಸಂಜೆಗೆ ಏರುವುದಿತ್ತು. ಕೆಳಗೆ ನೆಲವನ್ನು ಶೈಲಾ ತೊಳೆದು, ಐದು ಕಡೆ ಚಾಪೆ ಹಾಸಿಟ್ಟಿದ್ದಳು. ಆ ಚಾಪೆಗಳನ್ನು ನೋಡಿದ ಮೇಲೆ ನನ್ನ ಬಾಯಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ಇದರ ಕೆಳಗ ಯಾರೂ ಕೂಡಂಗಿಲ್ಲ! ಕಾರ್ಖಾನ್ಯಾಗ ಆಗಿದ್ರ ಇದನ್ನ ಹಾಕಿದವ್ರನ್ನ ಗೇಟಿನ ಹೊರಗ ಕಳಸ್ತಿದ್ದೆ!"

"ಇದು ನಿಮ್ಮ ಕಾರ್ಖಾನಿ ಅಲ್ಲ, ನಮ್ಮ ಮನಿ," ಎಂದರು ಬಸಲಿಂಗಪ್ಪನವರು.

ಕೊನೆಗೆ ನಾನು ಲೋಡ್ ಟೆಸ್ಟ್ ಮಾತೆತ್ತಿದೆ. ಯಾವುದೇ ಕ್ರೇನನ್ನು ಕೆಲಸಕ್ಕಿಳಿಸುವ ಮುಂಚೆ, ಅದು ಹೊರಬೇಕಾದ ಭಾರವನ್ನು ತೂಗಿ ಹೊರಿಸಿ ನೋಡುವ ಕ್ರಮ ಅದು. ಕೆಳಗೆ ಯಾರೂ ಇರಬಾರದು. "ನಿಮ್ಮ ತೊಲಿ ಗಟ್ಟಿ ಇದ್ರ ನಾ ತಪ್ಪಾಯ್ತು ಅಂತ ಕೈಮುಗಿದು ಹೋಗ್ತೇನಿ. ನಿಮ್ಮ ಅಂಗಡಿ ತೂಕದ ಬಟ್ಟು ನಿಮ್ಮ ಮುಂದ ಅದಾವು. ಅವನ್ನ ಇಟ್ಟು ನೋಡೂಣು."

ಸ್ವಂತ ತೂಕದ ಬಟ್ಟು, ಸ್ವಂತ ತೊಲೆ. ವ್ಯಾಪಾರಿಗೆ ಇಲ್ಲ ಎನ್ನಲು ಆಗಲಿಲ್ಲ. ಆದರೆ ಆ ಮನುಷ್ಯ ಒಳಗೆ ಹೋಗಿ ಒಂದು ಕುರ್ಚಿ ತಂದು, ತೊಲೆಯ ನಟ್ಟನಡುವೆ, ಆ ಕೊಂಡಿಯ ಸರಿಯಾಗಿ ಕೆಳಗೆ ಹಾಕಿ ಕುಳಿತುಬಿಟ್ಟರು. "ಇಡ್ರಿ ಈಗ. ನಾ ಇಲ್ಲೇ ಕೂಡ್ತೇನಿ."

ನನಗೆ ಸಿಟ್ಟಿಗೆ ಕಣ್ಣು ಕತ್ತಲೆಯಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಬಹಳ ಕಂಡಿದ್ದೇನೆ, ಆ ಮೊಲದ ಕೆಳಗೇ ತಲೆ ಕೊಡುವವರನ್ನು ಕಂಡಿರಲಿಲ್ಲ. ನೀಲವ್ವ "ಏಳ್ರೀ, ಹುಚ್ಚ ಹಿಡದೈತೇನು" ಎಂದು ಗದರಿದರು. ರಫೀಕ ಕೈಯಲ್ಲಿದ್ದ ಬಟ್ಟನ್ನು ಕೆಳಗಿಟ್ಟು ಹೊರಗೆ ಹೋಗಿ ನಿಂತ. ನಾನು ಬೇಡಿಕೊಂಡೆ, ಬೈದೆ. ಅವರು ಕದಲಲಿಲ್ಲ.

ಆಗ ಶೈಲಾ ಬಂದು, ಕುರ್ಚಿಯ ಪಕ್ಕದ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಳು.

"ನೀ ಯಾಕ ಕುಂತೆವಾ?" ಎಂದರು ಮಾವ.

"ನಾಳೆ ಕೂಡೂದ ಐತಲ್ರಿ ಮಾವಾರ. ಇವತ್ತ ಕೂಡ್ತೇನಿ. ಇಡ್ರಿ ಸರ ಬಟ್ಟು."

ಬಸಲಿಂಗಪ್ಪನವರು ಸೊಸೆಯನ್ನು ನೋಡಿದರು. ತಲೆಯೆತ್ತಿ ತೊಲೆಯನ್ನು ನೋಡಿದರು. ಮತ್ತೆ ಸೊಸೆಯನ್ನು ನೋಡಿದರು. ಆಮೇಲೆ ಎದ್ದು ಕುರ್ಚಿಯನ್ನು ಎತ್ತಿಕೊಂಡು, "ಏಳವಾ, ಏಳು. ಹೊರಗ ಬಾ," ಎಂದರು. ನನ್ನ ಮಟ್ಟಿಗೆ ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ತಮ್ಮ ಜೀವವನ್ನು ನಂಬಿ ಕೊಟ್ಟ ತೊಲೆಗೆ ಸೊಸೆಯ ಜೀವ ಕೊಡಲು ಅವರಿಗೆ ಧೈರ್ಯ ಸಾಲಲಿಲ್ಲ.

ಆದರೂ ಟೆಸ್ಟ್ ಮಾಡಿದೆವು. ಅರ್ಧಕ್ಕೆ ಬಿಟ್ಟರೆ ಈ ಊರಿನಲ್ಲಿ ನಾಳೆ ಅದು "ಎಂಜಿನಿಯರ್ ಹೆದರಿ ಓಡಿಹೋದ" ಎಂಬ ಕಥೆಯಾಗುತ್ತದೆಂದು ನನಗೆ ಗೊತ್ತಿತ್ತು. ಮೇಲಿನ ಸಾಮಾನು ಇಳಿಸಿ, ತೊಲೆ ಮುರಿದರೂ ನೆಲಕ್ಕೆ ಬೀಳದಂತೆ ಅದರ ಕೆಳಗೆ ನಾಲ್ಕು ಬೆರಳು ಅಂತರ ಬಿಟ್ಟು ಸೆಂಟ್ರಿಂಗ್ ಜಾಕುಗಳನ್ನು, ಅಂದರೆ ಸ್ಲ್ಯಾಬು ಹಾಕುವಾಗ ಆನಿಸುವ ಕಬ್ಬಿಣದ ಕಂಬಗಳನ್ನು, ನಿಲ್ಲಿಸಿದೆವು. ರಫೀಕ ಅಟ್ಟದ ಹೊರಗೆ ಗೌಂಡಿಗಳು ಹತ್ತಿ ನಿಲ್ಲುವ ಮರದ ಕುದುರೆಯ ಮೇಲೆ ನಿಂತು, ಬಟ್ಟುಗಳನ್ನು ಒಂದೊಂದಾಗಿ ಅಂಚಿನ ಹಲಗೆಯ ಮೇಲೆ ಇಡುತ್ತ ಹೋದ. ಹೊರಗೆ ಓಣಿಯವರೆಲ್ಲ ಸೇರಿದ್ದರು. ಮುನ್ನೂರರ ಅರ್ಧ ದಾಟಿತು ಅಷ್ಟೆ. ಮೊದಲು ಒಂದು ಸಣ್ಣ ಚಿಟಿಚಿಟಿ, ಆಮೇಲೆ ಬಡಿಗೇರ ಮೆತ್ತಿದ್ದ ತುಂಡು ಹಲ್ಲು ಉದುರಿದಂತೆ ಉದುರಿತು. ಹಿಂದೆಯೇ ಫಟ್ ಎಂದು ಸದ್ದಾಗಿ ತೊಲೆ ನಡುವೆ ಮುರಿದು ಜಾಕುಗಳ ಮೇಲೆ ಕುಕ್ಕರಿಸಿತು. ಒಳಗಿನಿಂದ ಕಪ್ಪು ಪುಡಿ ಸುರಿಯಿತು. ಅದು ಬಿದ್ದದ್ದು ಶೈಲಾ ಕುಳಿತಿದ್ದ ಚಾಪೆಯ ಮೇಲೆ.

ಗೆದ್ದ ಸಂತೋಷ ಆಗಬೇಕಿತ್ತು, ಆಗಲಿಲ್ಲ. ಬಸಲಿಂಗಪ್ಪನವರು ಜಾಕುಗಳ ನಡುವೆ ಬಗ್ಗಿ, ಮುರಿದ ಜಾಗದ ಕೊಂಡಿಯನ್ನು ಹಿಡಿದುಕೊಂಡು ನಿಂತಿದ್ದರು.

"ಇದಕ್ಕ ನನ್ನ ತೊಟ್ಲಾ ಕಟ್ಟಿದ್ರು," ಎಂದರು. "ಮಾಂತೇಶಂದೂ ಇದಕ್ಕ ಕಟ್ಟಿದ್ವಿ. ಅವನ ಇಬ್ರು ತಂಗ್ಯಾರ್ದೂ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಇದನ್ನ ಮೊದ್ಲ ಹೇಳಬಾರ್ದೇನ್ರಿ ಯಜಮಾನ್ರ? ಇಷ್ಟೆಲ್ಲಾ ರಾದ್ಧಾಂತ ಯಾಕ ಬೇಕಿತ್ತು?"

"ನೀವು ಎಷ್ಟ್ ಭಾರ ಹೊರತೈತಿ ಅಂತ ಕೇಳಿದ್ರಿ," ಎಂದರು ಅವರು. "ಬ್ಯಾರೆ ಏನ್ ಕೇಳಿದ್ರಿ?"

ಉಕ್ಕಿನ ಚಾನೆಲ್ ಮರುದಿನವೇ ಬಂತು. ರಫೀಕ ನಾಷ್ಟಾ ಕೂಡ ಬಿಟ್ಟು ವೆಲ್ಡ್ ಮಾಡಿದ. ಅದೇ ಬಟ್ಟುಗಳು, ಅದೇ ಪರೀಕ್ಷೆ, ಈ ಸಲ ಮುನ್ನೂರೂ ಅದರ ಮೇಲೆ ಇನ್ನಷ್ಟೂ ಇಟ್ಟು ನೋಡಿದೆವು. ದಾರ ಕಟ್ಟಿ ಅಳೆದರೂ ಬಾಗಿದ್ದು ಕಾಣಲಿಲ್ಲ. ಕಾರ್ಖಾನೆಯಲ್ಲಿ ಪ್ರತಿ ಹಾಯಿಸ್ಟಿನ ಮೇಲೂ ಅದು ಹೊರಬಹುದಾದ ಗರಿಷ್ಠ ಭಾರವನ್ನು ಬರೆಯುವುದು ಕಡ್ಡಾಯ. ಅದರಂತೆ ಚಾನೆಲಿನ ಮೇಲೆ ಹಳದಿ ಬಣ್ಣದಲ್ಲಿ "೩೦೦ ಕಿಲೋ ಮಾತ್ರ" ಎಂದು ನಾನೇ ಬರೆದೆ. ಮುರಿದ ತೊಲೆಯ ಗಟ್ಟಿ ತುದಿಗಳಿಂದ ಐದು ಕೂಡುಮಣೆ ಮಾಡಲು ಬಡಿಗೇರನಿಗೆ ಹೇಳಿ ಬಂದೆ. ಹಬ್ಬಕ್ಕೆ ಮುಂಚೆ ಮೊದಲ ರೊಟ್ಟಿಯ ಡಬ್ಬಿ ಜೋಯಿಡಾಕ್ಕೆ ಹೋಯಿತು.

ದೀಪಾವಳಿ ಕಳೆದ ಮೇಲೆ ಬೋಲ್ಟು ಬಿಗಿ ನೋಡಲು ಹೋದೆ. ನೋಡಿದರೆ ನಾನು ಬರೆದ ಅಂಕಿಯೇ ಇಲ್ಲ! ಆಯುಧ ಪೂಜೆಗೆ ಚಾನೆಲಿಗೂ ಪೂಜೆ ಮಾಡಿ, ಸರಿಯಾಗಿ ಆ ಮೂರು ಅಂಕಿಗಳ ಮೇಲೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹಾರ ಹಾಕಿದ್ದಾರೆ. ಇಡೀ ಚಾನೆಲಿನಲ್ಲಿ ಬೇರೆ ಜಾಗವೇ ಸಿಗಲಿಲ್ಲವೇ ಇವರಿಗೆ? ನಾನು ಬಾಗಿಲಲ್ಲೇ ಕೂಗಾಡಲು ಶುರುಮಾಡಿದೆ. ಹಿಂದಿನ ಮನೆಯವರ ಕೂಲರು ಎಲ್ಲಿ, ಮೇಲೆ ಇನ್ನೇನೇನು ತುಂಬಿದ್ದೀರಿ, ಓಣಿಯದೆಲ್ಲ ಏರಿಸಿದ್ದೀರಲ್ಲವೇ ಎಂದು.

ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಗದ್ದದಿಂದ ಮೂಲೆಯನ್ನು ತೋರಿಸಿದಳು. ಹಿಟ್ಟು ತೂಗುವ ದೊಡ್ಡ ಕಾಟಾ ಇತ್ತು ಅಲ್ಲಿ. "ಯಾವ ಸಾಮಾನು ಮ್ಯಾಲ ಏರಬೇಕಂದ್ರೂ ಮೊದ್ಲ ಅದರ ಮ್ಯಾಲ ಕೂಡಬೇಕ್ರಿ ಸರ. ಮಾವಾರು ಅಲ್ಲೇ ಕುಂತಿರ್ತಾರ. ಕೂಲರು ವಾಪಸ್ ಹೋತು."

ಕಾಟಾದ ಪಕ್ಕ ಅದೇ ಕುರ್ಚಿಯಲ್ಲಿ ಬಸಲಿಂಗಪ್ಪನವರಿದ್ದರು. ಓಣಿಯವರಿಗೆ ಇಲ್ಲ ಎನ್ನಲು ಆ ಮನೆಯಲ್ಲಿ ಇದ್ದುದರಲ್ಲೇ ಲಾಯಕ್ಕಾದವರು. ಹುಟ್ಟಾ ವ್ಯಾಪಾರಿ, ತೂಕದಲ್ಲಿ ಯಾರಿಗೂ ಬಿಟ್ಟುಕೊಡುವುದಿಲ್ಲ.

ನನಗೆ ಅಷ್ಟಕ್ಕೇ ಸಮಾಧಾನವಾಗದೆ ಏಣಿ ಹಾಕಿ ಹತ್ತಿದೆ. ಹಂಡೆ, ಕೊಪ್ಪರಿಗೆ, ಮಂಟಪ ಅಚ್ಚುಕಟ್ಟಾಗಿದ್ದವು. ಅವುಗಳ ಹಿಂದೆ, ಗೋಡೆಗೆ ಹತ್ತಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು. ಬಿಚ್ಚಿದೆ. ತೊಲೆಯ ನಡುವಿನ ತುಂಡು. ಮುರಿದ ಬಾಯಿ, ಪೊಳ್ಳು ತೂತು, ಕೊಂಡಿ ಎಲ್ಲ ಹಾಗೇ. ಮೇಲೆ ಮೂರು ಬೆರಳಿನ ವಿಭೂತಿ.

"ಈ ತುಂಡು ಯಾರ್ರಿ ಇಲ್ಲಿಟ್ಟೋರು?" ಎಂದು ಮೇಲಿಂದಲೇ ಕೂಗಿದೆ. ಕೆಳಗೆ ಬಡಿಯುವ ಸದ್ದು ಒಮ್ಮೆಗೇ ನಿಂತಿತು. ಬಸಲಿಂಗಪ್ಪನವರು ರಸ್ತೆಯ ಕಡೆ ಮುಖ ತಿರುಗಿಸಿದರು.

"ತೂಗೇ ಇಟ್ಟಾರ್ರಿ ಸರ," ಎಂದಳು ಶೈಲಾ. "ಹನ್ನೊಂದು ಕಿಲೋ. ಮುನ್ನೂರರಾಗ ಹಿಡಿದೈತಿ."

ಬಟ್ಟೆಯನ್ನು ಮೊದಲಿನಂತೆ ಸುತ್ತಿಟ್ಟು ಇಳಿದೆ. ಬೋಲ್ಟುಗಳು ಬಿಗಿಯಾಗಿದ್ದವು.

ಆಮೇಲೂ ದಾಂಡೇಲಿ, ಹಳಿಯಾಳಗಳಲ್ಲಿ ಒಂದಷ್ಟು ಗ್ಯಾರೇಜುಗಳಿಗೆ ಅಟ್ಟ ಮಾಡಿಕೊಟ್ಟಿದ್ದೇನೆ. ಎಲ್ಲ ಕಡೆಯೂ ಜಗಳವಾಡಿದ್ದೇನೆ, ಅದು ತಪ್ಪುವ ಲಕ್ಷಣ ಕಾಣುವುದಿಲ್ಲ. ಆದರೆ ಅಳತೆಪಟ್ಟಿ ಬಿಚ್ಚುವ ಮುಂಚೆ ಮನೆಯ ಹಿರಿಯರ ಹತ್ತಿರ ಕೂತು ಒಂದು ಪ್ರಶ್ನೆ ಕೇಳುತ್ತೇನೆ, ನೀವು ಯಾವ ಕಾರಣಕ್ಕೂ ಹೊರಗೆ ಹಾಕದ ವಸ್ತು ಯಾವುದು ಎಂದು. ಏನು ಹೇಳುತ್ತಾರೋ ಅದರ ತೂಕವನ್ನು ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಹಿಡಿಯುತ್ತೇನೆ. ಕೇಳದಿದ್ದರೂ ಅದು ಮೇಲೆ ಏರುತ್ತದೆ, ತೂಗದೆ ಏರುತ್ತದೆ ಅಷ್ಟೆ.